ಸತ್ತ ರಾಜನ ಮದುವೆ

ಶಹಾಪುರದ ಭೀಮರಾಯ ಮಾಸ್ತರರು ಇತಿಹಾಸವನ್ನು ಹೈಸ್ಕೂಲಿನಲ್ಲಿ ಕಲಿಸುತ್ತಾರೆ, ಮನೆಯಲ್ಲಿ ಮಂಚದ ಕೆಳಗೆ ಕೂಡಿಡುತ್ತಾರೆ. ಮುಚ್ಚಿಹೋದ ಟೂರಿಂಗ್ ಟಾಕೀಜುಗಳನ್ನು ಹುಡುಕಿ ಹೋಗಿ, ರಾಜಮಹಾರಾಜರ ಹಳೇ ಸಿನಿಮಾಗಳ ರೀಲು ತಂದು ಡಬ್ಬಿ ಮೇಲೆ ಡಬ್ಬಿ ಒಟ್ಟಿದ್ದಾರೆ. ಅವರ ಪ್ರಕಾರ ಅದು ‘ಐತಿಹಾಸಿಕ ಚಲನಚಿತ್ರ ಭಂಡಾರ’. ಹೆಂಡತಿ ಮಲ್ಲೇಶ್ವರಿಯ ಪ್ರಕಾರ ‘ನಾರೋ ತಗಡು’.

“ಜ್ವಾಳದ ಚೀಲ ಅಂಗಳದಾಗ, ನಿಮ್ಮ ರಾಜರು ಮಂಚದ ಬುಡಕ! ಇದೇನ್ ಮನಿ ಅದನೋ ಅರಮನಿ ಅದನೋ? ಒಂದ್ ಸಲ ನಾಕ್ ಮಂದಿಗಿ ತೋರಸ್ರಿ. ಕಡೀತನ ಕುಂತ್ರ ಡಬ್ಬಿ ಇರ್ಲಿ. ನಡಬರಕ ಎದ್ದು ಹೋದ್ರ ಗುಜರಿಗಿ!”

“ಒಬ್ಬರು ಎದ್ರೂ ನನ್ನ ಹೆಸರು ಭೀಮರಾಯ ಅಲ್ಲ!” ಎಂದರು ಮಾಸ್ತರರು. (ಹೆಸರು ಬದಲಿಸುವ ತೊಂದರೆ ಅವರಿಗೆ ಆಗ ಹೊಳೆದಿರಲಿಲ್ಲ.)

ರವಿವಾರ ಮಧ್ಯಾಹ್ನ ಕಿಟಕಿಗಳಿಗೆ ಕೌದಿ, ಗೋಡೆಗೆ ಬಿಳಿ ಧೋತರ. ಹಳೇ ಟಾಕೀಜಿನ ಆಪರೇಟರ್ ನಸೀರುದ್ದೀನ ಸುರಪುರದಿಂದ ಪ್ರೊಜೆಕ್ಟರ್ ತಂದ. ಓಣಿಯ ಹೆಂಗಸರು ಬಂದರು, ದೋರನಹಳ್ಳಿಯಿಂದ ಅತ್ತೆ ಗೊಲ್ಲಾಳಮ್ಮ ಬಂದಳು. ಮಂದಿ ಬರುತ್ತಾರೆಂದು ಮಲ್ಲೇಶ್ವರಿ ಜಂಗು ಹಿಡಿದ ಡಬ್ಬಿಗಳನ್ನು ಫಳಫಳ ಉಜ್ಜಿಟ್ಟಿದ್ದಳು. ಜಂಗಿನ ಜೊತೆಗೆ ಡಬ್ಬಿಯ ಮೇಲಿನ ನಂಬರುಗಳೂ ಹೋಗಿದ್ದವು.

“ಈಗ ಮಹಾರಾಜರ ಜನನ!” ಮಾಸ್ತರರು ಘೋಷಿಸಿದರು. ಬೆಳಕು ಬಿತ್ತು. ಎದೆಗೆ ಬಾಣ ನೆಟ್ಟಿದ್ದ ಮಹಾರಾಜ ಮೂರು ಮಾತಾಡಿ ಸತ್ತ.

“ಅಯ್ಯ ಶಿವನ! ನಾವ್ ಕೂಡೂದ್ರಾಗ ಸತ್ನಲ್ಲ!” ಎಂದಳು ಗೊಲ್ಲಾಳಮ್ಮ. “ಸತ್ತ ಮನ್ಯಾಗ ಇನ್ನೇನ್ ಕೂಡೂದು, ನಡೀರಿ.” ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದರು.

ನಸೀರುದ್ದೀನ ಗಡಬಡಿಸಿ ಇನ್ನೊಂದು ಡಬ್ಬಿ ಬಿಚ್ಚಿದ. ಅದೇ ರಾಜ ಬಾಸಿಂಗ ಕಟ್ಟಿಕೊಂಡು ಆನೆಯ ಮೇಲೆ ಬಂದ. ಮಾಸ್ತರರು ಡಬ್ಬಿಯ ಮೇಲೆ ನಂಬರು ಹುಡುಕತೊಡಗಿದರು. ಡಬ್ಬಿ ಗುಜರಿಗೆ ಹೋಗಲೆಂದು ಮಲ್ಲೇಶ್ವರಿಗೂ ಆಸೆಯಿತ್ತು. ಆದರೆ ತನ್ನ ಮನೆಯಿಂದ ಮಂದಿ ಹಿಂಗೆ ಎದ್ದು ಹೋಗುವುದೆಂದರೇನು? ಧೋತರದ ಪಕ್ಕ ಹೋಗಿ ನಿಂತಳು.

“ಕೂಡ್ರವ್ವ! ಇಂವ ಸತ್ತಾಂವ ಅಲ್ಲ, ತಮ್ಮ. ಅವಳಿಜವಳಿ! ಅಣ್ಣನ ಸೇಡು ತೀರ್ಸಾಕ ವೈರಿ ಮಗಳ್ನ ಮದವಿ ಆಗಾಕತ್ತಾನ!”

ಎದ್ದವರು ಕುಂತರು. ಮುಂದಿನ ರೀಲಿನಲ್ಲಿ ತೊಟ್ಟಿಲು ತೂಗಿತು.

“ನೋಡ್ರಿ, ಸತ್ತ ಅಣ್ಣ ಹೊಳ್ಳಿ ಹುಟ್ಟಿ ಬಂದಾನ!”

ಗೊಲ್ಲಾಳಮ್ಮ ಕಣ್ಣೊರೆಸಿಕೊಂಡಳು.

“ಏ, ಇದು ಇತಿಹಾಸ ಅಲ್ಲ!” ಮಾಸ್ತರರು ಚೀರಿದರು.

“ಸುಮ್ನ ಕೂಡ್ರಿ ಅಳಿಯಂದ್ರ, ಕಥಿ ಕೇಳಾಕತ್ತೀವಿ.”

ಆಮೇಲೆ ಒಬ್ಬರೂ ಏಳಲಿಲ್ಲ. ಡಬ್ಬಿಗಳು ಉಳಿದವು. ಆದರೆ ಮಾಸ್ತರರ ಹೊಟ್ಟೆಯ ಉರಿ ಆರಲಿಲ್ಲ. ವಾರವಿಡೀ ಕೂತು ರೀಲುಗಳನ್ನು ಸಾಲಾಗಿ ಜೋಡಿಸಿ, ಡಬ್ಬಿಗಳಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದರು. ಮುಂದಿನ ರವಿವಾರ ಮನೆ ತುಂಬ ಮಂದಿ. ರಾಜ ಶಾಸ್ತ್ರೋಕ್ತವಾಗಿ ಹುಟ್ಟಿದ, ಬೆಳೆದ, ಮದುವೆಯಾದ. ಇನ್ನೇನು ಯುದ್ಧ ಶುರುವಾಗಬೇಕು, ಅಷ್ಟರಲ್ಲಿ ಆಕಳಿಕೆಗಳು ಶುರುವಾದವು.

“ಹುಟ್ಟಿದ, ಮದವಿ ಆದ, ಇನ್ನ ಸಾಯ್ತಾನ,” ಎಂದಳು ಗೊಲ್ಲಾಳಮ್ಮ. “ಇದನ್ನ ದೋರನಹಳ್ಳ್ಯಾಗ ದಿನಾ ನೋಡ್ತೀವಿ. ನಡೀರವ್ವ.”

ಮಂದಿ ಎದ್ದೇಬಿಟ್ಟರು. ಮಾಸ್ತರರು ದೀನರಾಗಿ ಹೆಂಡತಿಯ ಮುಖ ನೋಡಿದರು. ಮಲ್ಲೇಶ್ವರಿ ಸೆರಗು ಸೊಂಟಕ್ಕೆ ಸಿಗಿಸಿ ಧೋತರದ ಪಕ್ಕ ಬಂದು ನಿಂತಳು.

“ರೀ, ಆ ಡಬ್ಬಿ ಎಲ್ಲಾ ಚಂದಂಗ ಕಲಸ್ರಿ.”

ಇತಿಹಾಸದ ಮಾಸ್ತರರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಒಂದಿಡೀ ರಾಜವಂಶವನ್ನು ಕೈಯಾರೆ ಹಿಂದುಮುಂದು ಮಾಡತೊಡಗಿದರು.