ರೂಲುದೊಣ್ಣೆಯ ಪ್ಯಾಂಟು

“ಇವತ್ತು ಆ ಹೆಂಗಸಿಗೆ ಶಿಸ್ತು ಅಂದ್ರೆ ಏನೂಂತ ಕಲಿಸ್ತೀನಿ” ಎಂದು ರೂಲುದೊಣ್ಣೆ ಹಲ್ಲುಜ್ಜುತ್ತಲೇ ಘೋಷಿಸಿದ. ನೊರೆ ಕನ್ನಡಿಗೆ ಸಿಡಿಯಿತು.

ರೂಲುದೊಣ್ಣೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆಫೀಸಿನಲ್ಲಿ ಎಲ್ಲರ ಹಾಜರಿ ನೋಡುವ ಅಧಿಕಾರಿಯಾಗಿ, ಊಟ ಮುಗಿಸಿ ಕೈ ತೊಳೆಯಲು ತಡ ಮಾಡಿದವರಿಗೂ ಮೆಮೊ ಕೊಟ್ಟು ಗಳಿಸಿಕೊಂಡ ಬಿರುದು. ಈಗ ಆ ದೊಣ್ಣೆ ಮನೆಯ ಕಡೆ ತಿರುಗಿತ್ತು. ಮಗಳನ್ನು ನೋಡಿಕೊಳ್ಳುವ ಆಯಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಹಾಡುಹಗಲೇ, ರಸ್ತೆ ಬದಿಯಲ್ಲಿ ತನ್ನ ಚಪ್ಪಲಿ ಹೊಲಿಸುತ್ತಿದ್ದಳೆಂದು ಎದುರುಮನೆಯಾತ ವರದಿ ಒಪ್ಪಿಸಿದ್ದ. ಇವನ ಶರ್ಟುಗಳನ್ನು ಇಸ್ತ್ರಿ ಅಂಗಡಿಯಿಂದ ಹೊತ್ತು ತರುವಾಗಲೇ ಆ ಚಪ್ಪಲಿ ಕಿತ್ತುಹೋದದ್ದು. ಅದನ್ನು ಆತ ಹೇಳಲಿಲ್ಲ, ಇವನು ಕೇಳಲೂ ಇಲ್ಲ.

“ಮೆತ್ತಗೆ ಹೇಳಿ” ಎಂದಳು ಹೆಂಡತಿ. “ಅವಳು ಬಿಟ್ಟು ಹೋದ್ರೆ ನಿಮ್ಮ ಮಗಳಿಗೆ ಮೆಮೊ ಕಲಸಿ ತಿನ್ನಿಸ್ತೀರಾ?”

ಆಯಮ್ಮ ಬಂದಳು. ಅವಳ ಕೈಯ ಚೀಲ ಕೆಳಗಿಳಿಯುವ ಮೊದಲೇ ಭಾಷಣ ಶುರುವಾಯಿತು. ಕಾಲ, ಕರ್ತವ್ಯ, ನಿಷ್ಠೆ ಎಂದು ಏನೇನೋ ಬಂದು ಹೋದವು. ಸಾರಾಂಶ ಇಷ್ಟೇ: ಕೆಲಸದ ಹೊತ್ತಿನಲ್ಲಿ ಸ್ವಂತ ಕೆಲಸ ಕೂಡದು.

ಅವಳು ಎಲ್ಲವನ್ನೂ ಕೇಳಿ, ತನ್ನದೊಂದು ಮಾತನ್ನು ಮುಂದಿಟ್ಟಳು. ಅಮ್ಮನ ಕಣ್ಣಿಗೆ ಪೊರೆ ಬಂದಿದೆ, ಗೋಡೆ ಹಿಡಿದು ನಡೆಯುತ್ತಾಳೆ, ಕಣ್ಣಾಸ್ಪತ್ರೆಯ ಡಾಕ್ಟರು ಶುಕ್ರವಾರ ಮಧ್ಯಾಹ್ನ ಮಾತ್ರ ನೋಡುತ್ತಾರೆ. ಆ ಒಂದು ಮಧ್ಯಾಹ್ನ ಬಿಟ್ಟುಕೊಟ್ಟರೆ ಸಾಕು.

“ಆಗ ಮಗು ಹತ್ರ ಯಾರಿರ್ತಾರೆ? ಇವತ್ತು ಕಣ್ಣು ಅಂತೀಯ, ನಾಳೆ ಕಿವಿ ಅಂತೀಯ” ಎಂದ ರೂಲುದೊಣ್ಣೆ. “ಸಂಜೆ ಮೇಲೆ ಹೋಗು.”

ಸಂಜೆ ಅವಳು ಇವನ ಮನೆಯಿಂದ ಬಿಡುಗಡೆಯಾಗುವಷ್ಟರಲ್ಲಿ ಊರಿನ ಆಸ್ಪತ್ರೆ, ಕಚೇರಿ, ಬ್ಯಾಂಕು ಎಲ್ಲವೂ ಬಾಗಿಲು ಹಾಕಿಕೊಂಡಿರುತ್ತವೆ. ಬಡವರ ಕಾಯಿಲೆಗಳು ಕೂಡ ಸಾಹೇಬರ ಗಡಿಯಾರ ನೋಡಿಯೇ ನರಳಬೇಕು!

ಆಯಮ್ಮ ವಾದ ಮಾಡಲಿಲ್ಲ. “ಸ್ವಂತ ಕೆಲಸ ಅಂದ್ರೆ ನನ್ನದು ಮಾತ್ರಾನಾ ಸಾರ್, ಇಲ್ಲ ಯಾರದ್ದಾದ್ರೂನಾ?” ಎಂದು ಮಾತ್ರ ಕೇಳಿದಳು.

ಹೆಂಡತಿ ಅಡುಗೆಮನೆಯಿಂದ ಕಣ್ಣು ಮಿಟುಕಿಸಿದಳು, ಕೆಮ್ಮಿದಳು, ಸೌಟನ್ನೂ ಕೆಡವಿದಳು. ನ್ಯಾಯಪೀಠ ಏರಿದವನಿಗೆ ಸೌಟಿನ ಸದ್ದು ಕೇಳಿಸುತ್ತದೆಯೇ? “ನಿಯಮ ಅಂದ್ಮೇಲೆ ಎಲ್ರಿಗೂ ಒಂದೇ. ಯಾರ ಸ್ವಂತ ಕೆಲಸವೂ ಇಲ್ಲ. ಮಗು ಕೆಲಸ ಅಷ್ಟೇ” ಎಂದು ತೀರ್ಪು ಕೊಟ್ಟ.

“ಆಗ್ಲಿ ಸಾರ್” ಎಂದಳು ಆಯಮ್ಮ.

ಅಲ್ಲಿಂದ ಶುರುವಾಯಿತು ಶಿಸ್ತಿನ ಸುವರ್ಣಯುಗ. ಇಸ್ತ್ರಿಗೆ ಹೋದ ಶರ್ಟುಗಳು ಮುನಿದು ತವರಿಗೆ ಹೋದ ಸೊಸೆಯರಂತೆ ಅಲ್ಲೇ ಉಳಿದವು. ಗ್ಯಾಸ್ ಸಿಲಿಂಡರಿನವನು ಬೆಲ್ ಒತ್ತಿ ಒತ್ತಿ ವಾಪಸು ಹೋದ. ಹಾಲು ಒಡೆಯಿತು, ಹಿಟ್ಟು ಗಿರಣಿಯಲ್ಲೇ ತಣ್ಣಗಾಯಿತು, ಒಗೆದ ಬಟ್ಟೆಗಳು ಹಗ್ಗದ ಮೇಲೆ ಮಳೆಗೆ ಎರಡನೇ ಸ್ನಾನ ಮಾಡಿದವು. ಮಗಳ ಬಟ್ಟೆಗಳು ಮಾತ್ರ ಮಡಿಚಿಕೊಂಡು ಒಳಗೆ ಬಂದಿದ್ದವು. ಅವಳ ತಲೆಗೆ ಎಣ್ಣೆ, ಕಣ್ಣಿಗೆ ನಿದ್ದೆ, ಹೊಟ್ಟೆಗೆ ಅನ್ನ, ಯಾವುದರಲ್ಲೂ ಕೂದಲೆಳೆಯಷ್ಟು ಲೋಪವಿರಲಿಲ್ಲ. ರೂಲುದೊಣ್ಣೆ ಸುಕ್ಕು ಬಿದ್ದ ಶರ್ಟಿನಲ್ಲಿ ಇತರರ ತಪ್ಪು ಹುಡುಕುತ್ತ ಓಡಾಡಿದ.

ಗುರುವಾರ ಸಂಜೆ ಆಫೀಸಿನಲ್ಲಿ ಅವನಿಗೆ ಸನ್ಮಾನ. ಕಾರಣ: ಸಮಯಪಾಲನೆ. ಹೊಸ ಪ್ಯಾಂಟು ದರ್ಜಿಯ ಬಳಿ, ಅಂಗಡಿ ತೆರೆಯುವುದು ಇವನು ಆಫೀಸಿಗೆ ಹೋದ ಮೇಲೆ. ಹೆಂಡತಿಯನ್ನು ಬೇಡಿಕೊಂಡ.

“ನನಗೂ ಕೆಲಸದ ಹೊತ್ತು ಅನ್ನೋದಿದೆ” ಎಂದಳು ಅವಳು. “ನಿಯಮ ಎಲ್ರಿಗೂ ಒಂದೇ ಅಲ್ವಾ?”

ಹೀಗಾಗಿ ಗುರುವಾರ ಮಧ್ಯಾಹ್ನ, ಮುಂಬಾಗಿಲಿನ ಕಾವಲುಗಾರನಿಗೆ ತಾನೇ ಹೊರಡಿಸಿದ್ದ ಕಟ್ಟಪ್ಪಣೆಗೆ ಹೆದರಿ, ಶಿಸ್ತಿನ ಸಾಕಾರಮೂರ್ತಿ ಕ್ಯಾಂಟೀನಿನ ಹಿಂಬಾಗಿಲಿನಿಂದ, ಈರುಳ್ಳಿ ಮೂಟೆಗಳ ನಡುವೆ, ಕಳ್ಳ ಬೆಕ್ಕಿನಂತೆ ಜಾರಿಕೊಂಡಿತು.

ದರ್ಜಿ ಪ್ಯಾಂಟು ಕೊಟ್ಟು, ಹಾಕಿ ನೋಡಿ ಎಂದು ಪರದೆಯ ಹಿಂದೆ ಕಳಿಸಿದ. ಒಂದು ಕಾಲು ಹೊಸ ಪ್ಯಾಂಟಿನೊಳಗೆ, ಇನ್ನೊಂದು ಹೊರಗೆ ಇರುವಾಗ ಅಂಗಡಿಯಲ್ಲಿ ಪರಿಚಿತ ದನಿಯೊಂದು ಕೇಳಿತು. ಇವನ ಮೇಲಧಿಕಾರಿ ದೊಡ್ಡ ಸಾಹೇಬರು! ಸಂಜೆ ಇವನಿಗೆ ಹಾರ ಹಾಕಲು ಬೇಕಾದ ಕೋಟನ್ನು ಒಯ್ಯಲು ಖುದ್ದಾಗಿ ಬಂದಿದ್ದರು, ಅವರೂ ಕೆಲಸದ ಹೊತ್ತಿನಲ್ಲಿಯೇ. ರೂಲುದೊಣ್ಣೆ ಒಂಟಿ ಕಾಲಿನ ಕೊಕ್ಕರೆಯಾಗಿ ಉಸಿರು ಬಿಗಿಹಿಡಿದ.

ಅಷ್ಟರಲ್ಲಿ ಮಗುವಿನ ಫ್ರಾಕಿಗೆ ಗುಂಡಿ ಹಾಕಿಸಲು ಆಯಮ್ಮ ಬಂದಳು. ಅದು ಮಗುವಿನ ಕೆಲಸ, ನಿಯಮಬದ್ಧ. ಪರದೆ ಗಿಡ್ಡ. ಅದರ ಕೆಳಗೆ ಹೆಬ್ಬೆರಳು ಹೊರಗಿಣುಕುತ್ತಿದ್ದ ಹರಕು ಕಾಲುಚೀಲವೊಂದು ಕಂಡದ್ದೇ ತಡ, ಮಗಳು ಚಪ್ಪಾಳೆ ತಟ್ಟಿದಳು. “ಅಪ್ಪ! ಅಪ್ಪ!”

ಆಯಮ್ಮ ಕಾಲುಚೀಲ ನೋಡಿದಳು. ಹಿಂದೊಮ್ಮೆ ಮನೆಗೆ ಊಟಕ್ಕೆ ಬಂದಿದ್ದ ದೊಡ್ಡ ಸಾಹೇಬರನ್ನೂ ನೋಡಿದಳು.

“ಅಲ್ಲ ಕಂದ” ಎಂದಳು ನಿಧಾನವಾಗಿ. “ನಿಮ್ಮಪ್ಪ ಆಫೀಸಲ್ಲಿದ್ದಾರೆ. ಅವ್ರು ಕೆಲಸದ ಹೊತ್ತಲ್ಲಿ ಸ್ವಂತ ಕೆಲಸಕ್ಕೆ ಬರೋರಲ್ಲ.”

ದೊಡ್ಡ ಸಾಹೇಬರಿಗೆ ತಟ್ಟನೆ ಕೆಮ್ಮು ಬಂತು. ಕೋಟು ಕಂಕುಳಿಗೆ ಸಿಕ್ಕಿಸಿಕೊಂಡು, ಪರದೆಯ ಕಡೆ ತಿರುಗಿಯೂ ನೋಡದೆ, ಮೆಟ್ಟಿಲು ಇಳಿದುಬಿಟ್ಟರು.

ಆಯಮ್ಮ ಇನ್ನೂ ಮಗುವಿನೊಡನೆಯೇ ಮಾತಾಡುತ್ತಿದ್ದಳು. ದನಿ ಮಾತ್ರ ಪರದೆಯವರೆಗೂ ಮುಟ್ಟುವಂತಿತ್ತು. “ನಾಳೆ ಶುಕ್ರವಾರ ಕಣೇ. ನಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಆದ್ರೆ ನಿನ್ನ ಹತ್ರ ಯಾರಿರ್ತಾರೆ ಹೇಳು?”

ಪರದೆ ಅಲುಗಾಡಿತು. ಒಳಗಿನಿಂದ ಪ್ಯಾಂಟಿಲ್ಲದ ಮನುಷ್ಯನಿಗೆ ಸಲ್ಲುವಷ್ಟು ಸಣ್ಣ ದನಿಯೊಂದು ಹೊರಬಂತು.

“ಹೋಗಿ ಬಾ ತಾಯಿ. ಮಗು ಅಪ್ಪ ನಾಳೆ ರಜೆ ಹಾಕ್ತಾನೆ.”