ಶಂಕ್ರಪ್ಪ ಮಾಸ್ತರರನ್ನು ಜುಗೂಳ ತಂಡಕ್ಕೆ ಕಳಿಸಿದ್ದು

ಯಾವ ಬೌಲರ್ ಯಾವ ತಂಡಕ್ಕೆ ಹೋಗುತ್ತಾನೆ ಎಂದು ಮೊದಲೇ ಹೇಳುವ ಶಕ್ತಿಯನ್ನು ದೇವರು ನನಗೆ ಕೊಟ್ಟಿದ್ದಾನೆ ಎಂದು ನಾನು ಒಂದು ಕಾಲದಲ್ಲಿ ಮನಸಾರೆ ನಂಬಿದ್ದೆ. ಹಾಗೆ ನಂಬಿದ ತಪ್ಪಿಗೆ ಎಂಟು ಮನೆಗಳಲ್ಲಿ ಗದ್ದಲವಾಯಿತು. ಒಂದು ಎಮ್ಮೆ ಊರು ಬಿಟ್ಟಿತು. ನನ್ನ ನೌಕರಿ ಹೋಗುವುದೊಂದು ಬಾಕಿ ಉಳಿದಿತ್ತು. ಅದು ಹೋಗದಂತೆ ತಡೆದ ಪುಣ್ಯಾತ್ಮರನ್ನು ನೆನೆದೇ ಇದನ್ನು ಬರೆಯುತ್ತಿದ್ದೇನೆ.

ಅದು ತೊಂಬತ್ತರ ದಶಕದ ಆರಂಭ. ನಾನು ಚಿಕ್ಕೋಡಿಯಲ್ಲಿ ಗುಮಾಸ್ತ. ಶಾಲಾ ಮಾಸ್ತರರ ವರ್ಗಾವಣೆಯ ಕಾಗದಪತ್ರಗಳು ಹಾದುಹೋಗುವ ಕಚೇರಿ. ಅದರ ಹೆಸರು ಬೇಡ, ತಪ್ಪೆಲ್ಲ ನನ್ನದೇ. ಭಾನುವಾರ ಮಧ್ಯಾಹ್ನ ಬಟ್ಟೆ ಅಂಗಡಿಯ ಭೂಪಾಲಣ್ಣನ ಮಾಳಿಗೆಯ ಮೇಲೆ ನಾವು ನಾಲ್ವರು ಗೆಳೆಯರು ಸೇರುತ್ತಿದ್ದೆವು. ಒಮ್ಮೆ ಮುಂಬೈಯಿಂದ ಬಂದ ಬಟ್ಟೆಯ ಗಂಟಿನಲ್ಲಿ ಸುತ್ತಿದ ಕಾಗದವಾಗಿ ಒಂದು ಇಂಗ್ಲಿಷ್ ಮಾಸಿಕದ ಹಾಳೆಗಳು ಸಿಕ್ಕವು. ಅಮೆರಿಕದ ಮಂದಿ ಬೇಸ್‌ಬಾಲ್ ಎಂಬ ಆಟವನ್ನು ಮನೆಯಲ್ಲೇ ಕುಳಿತು ದಾಳ ಉರುಳಿಸಿ ಆಡುತ್ತಾರಂತೆ! ಚೆಂಡು ಎಸೆಯುವವನ ಕರಾರು ಮುಗಿದರೆ ಅವನು ಸ್ವತಂತ್ರನಂತೆ. ಅವನನ್ನು ಯಾವ ತಂಡ ಹಿಡಿಯುತ್ತದೆ ಎಂದು ಊಹಿಸುವುದೇ ಅಲ್ಲಿ ದೊಡ್ಡ ವಿದ್ಯೆಯಂತೆ.

ಭೂಪಾಲಣ್ಣ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬೇಸ್‌ಬಾಲ್ ನಮಗ ತಿಳ್ಯಾಂಗಿಲ್ಲೋ. ಕ್ರಿಕೆಟ್ ಮಾಡೂನು," ಎಂದ.

ಹಾಗೆ ನಮ್ಮ ಲೀಗ್ ಹುಟ್ಟಿತು. ಸೀರೆ ಡಬ್ಬಿಯ ರಟ್ಟು ಕತ್ತರಿಸಿ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಚೀಟಿ ಮಾಡಿದೆವು. ಎರಡು ದಾಳ ಉರುಳಿಸುವುದು; ಬಂದ ಸಂಖ್ಯೆಯ ಎದುರು ಚೀಟಿಯಲ್ಲಿ ಏನಿದೆಯೋ ಅದೇ ಆಟ. ರನ್ನು, ವೈಡು, ಇಲ್ಲವೇ ವಿಕೆಟ್ಟು. ತಂಡಗಳು ನಾಲ್ಕು: ನಿಪ್ಪಾಣಿ, ಶಿರಗುಪ್ಪಿ, ಜುಗೂಳ ಮತ್ತು ನನ್ನದು ಅಲಖನೂರ. ಪ್ರತಿ ಹಂಗಾಮಿನ ಕೊನೆಗೆ ಪ್ರತಿಯೊಂದು ತಂಡವೂ ಇಬ್ಬರು ಬೌಲರುಗಳನ್ನು ಬಿಡುಗಡೆ ಮಾಡಬೇಕು. ಮುಂದಿನ ಭಾನುವಾರ ಅವರನ್ನು ಯಾರು ಬೇಕಾದರೂ ಸೇರಿಸಿಕೊಳ್ಳಬಹುದು. ಅದಕ್ಕೂ ಮೊದಲು, ಯಾರು ಎಲ್ಲಿಗೆ ಹೋಗುತ್ತಾರೆ ಎಂದು ಪ್ರತಿಯೊಬ್ಬರೂ ಬರೆದುಕೊಡಬೇಕು.

ಮೊದಲು ನಿಜವಾದ ಕ್ರಿಕೆಟಿಗರ ಹೆಸರನ್ನೇ ಇಟ್ಟಿದ್ದೆವು. ತನ್ನ ಮೆಚ್ಚಿನ ಆಟಗಾರ ಸೊನ್ನೆಗೆ ಔಟಾದನೆಂದು ಭೂಪಾಲಣ್ಣ ಎರಡು ವಾರ ನನಗೆ ಚಹಾ ಕೊಡಲಿಲ್ಲ. ಬೇರೆ ಹೆಸರು ಬೇಕಾದವು. ಬರೆಯುವ ಕೆಲಸ ನನ್ನದು. ದಿನಾ ಮಾಸ್ತರರ ಹೆಸರು ಬರೆದು ಬರೆದು ರೂಢಿಯಾದ ಕೈ. ತಾನಾಗಿಯೇ ಅವೇ ಹೆಸರುಗಳನ್ನು ಬರೆದುಬಿಟ್ಟಿತು. ಚಿಕ್ಕೋಡಿ ಸುತ್ತಲಿನ ಮಾಸ್ತರರೆಲ್ಲ ತಮಗೆ ಗೊತ್ತಿಲ್ಲದಂತೆ ಬೌಲರುಗಳಾದರು!

ಎರಡನೆಯ ಹಂಗಾಮಿನ ಕೊನೆಗೆ ಎಂಟು ಬೌಲರುಗಳು ಬಿಡುಗಡೆಯಾದರು. ನಾನು ಮಾಳಿಗೆಯ ಮೇಲೆ ಎದ್ದು ನಿಂತು, "ಎಂಟಕ್ಕ ಎಂಟೂ ಖರೇ ಹೇಳ್ತೀನಿ, ಬರಕೋರಿ," ಎಂದೆ.

ಮರುದಿನ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಪಟ್ಟಿ ಸಿದ್ಧಪಡಿಸಿದೆ. ಹಾಳೆ ಹಾಳು ಮಾಡಬಾರದೆಂಬ ಸದುದ್ದೇಶದಿಂದ ಹಳೆಯ ಸುತ್ತೋಲೆಗಳ ಹಿಂಬದಿಯಲ್ಲಿ ಬರೆದೆ. ಮುಂಬದಿಯಲ್ಲಿ ಕಚೇರಿಯ ಮೊಹರಿತ್ತು, ಇರಲಿ ಬಿಡಿ ಎಂದುಕೊಂಡೆ. ನಡುವೆ ಕಾರ್ಬನ್ ಇಟ್ಟು ಎರಡು ಪ್ರತಿ ಮಾಡಿದೆ. ಗುಮಾಸ್ತನಿಗೆ ಗೊತ್ತಿರುವ ಭಾಷೆ ಒಂದೇ. "ಬಿಡುಗಡೆಗೊಂಡವರು", "ಹಾಜರಾಗಲಿರುವ ಸ್ಥಳ", "ಷರಾ" ಎಂದು ಮೂರು ಕಾಲಂ ಎಳೆದೆ. ಬೌಲಿಂಗ್ ಕುರಿತ ನನ್ನ ಸೂಕ್ಷ್ಮ ಅಭಿಪ್ರಾಯಗಳೆಲ್ಲ ಷರಾದಲ್ಲಿ ಕುಳಿತವು. ಮೇಲೆ ಒಂದು ಮೂಲೆಯಲ್ಲಿ ಸಣ್ಣಗೆ "ಅಂದಾಜು" ಎಂದೂ, ಗೆಳೆಯರು ಇಣುಕಬಾರದೆಂದು ಕೆಳಗೆ ದಪ್ಪಗೆ "ಗೋಪ್ಯ" ಎಂದೂ ಬರೆದೆ.

ಸಂಜೆ ಚಹಾದಂಗಡಿಯಲ್ಲಿ ಕುಳಿತು ಪಟ್ಟಿಯನ್ನು ಇನ್ನೊಮ್ಮೆ ಓದಿ ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಎದ್ದು ಬರುವಾಗ ಒಂದು ಪ್ರತಿ ಭಜಿಯ ತಟ್ಟೆಯ ಕೆಳಗೆ ಉಳಿಯಿತು. "ಅಂದಾಜು" ಎಂಬ ಪದದ ಮೇಲೆ ಎಣ್ಣೆ ಬಿದ್ದು ಅದು ಅಳಿಸಿಹೋಯಿತು. "ಗೋಪ್ಯ" ಮಾತ್ರ ಸ್ವಚ್ಛವಾಗಿ ಉಳಿಯಿತು. ಗೋಪ್ಯ ಎಂದು ಬರೆಯದಿದ್ದರೆ ಅದನ್ನು ಬಹುಶಃ ಯಾರೂ ಓದುತ್ತಿರಲಿಲ್ಲ!

ಮರುದಿನದಿಂದ ಲೋಕದ ನಡವಳಿಕೆ ಬದಲಾಯಿತು. ರಸ್ತೆಯಲ್ಲಿ ಮಾಸ್ತರರು ಸೈಕಲ್ ಇಳಿದು ನಮಸ್ಕಾರ ಮಾಡತೊಡಗಿದರು. ಅವರಲ್ಲೊಬ್ಬರು ಮನೆಗೆ ಬಂದು ಒಂದು ಬುಟ್ಟಿ ದ್ರಾಕ್ಷಿ ಇಟ್ಟು ಹೋದರು.

"ನೋಡಿದಿ? ಮಂದಿಗೆ ಈಗರೇ ನನ್ನ ಕಿಮ್ಮತ್ತು ತಿಳೀತು," ಎಂದು ಹೆಂಡತಿಗೆ ಹೇಳಿದೆ.

"ಮನಿ ತಪ್ಪಿ ಬಂದಿರಬೇಕ್ರಿ," ಎಂದಳು ಸುಮಿತ್ರಾ. ಬುಟ್ಟಿಯನ್ನು ಮುಟ್ಟಲೂ ಇಲ್ಲ.

ಬುಧವಾರ ಸಂಜೆ ಶಂಕ್ರಪ್ಪ ಮಾಸ್ತರರು ಬಂದರು. ಚಿಕ್ಕೋಡಿಯ ಒಂದೇ ಶಾಲೆಯಲ್ಲಿ ಇಪ್ಪತ್ತು ವರ್ಷ ಕಳೆದವರು. ಮೃದು ಮನುಷ್ಯ. ಕಟ್ಟೆಯ ತುದಿಗೆ ಕುಳಿತು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಸಾಹೇಬ್ರ, ಒಂದು ಮಾತು ಕೇಳ್ಲೇನ್ರಿ? ಮಳಿಗಾಲದಾಗ ಜುಗೂಳಕ್ಕ ಹೊಳಿ ಒಳಗ ಬರತೈತೇನ್ರಿ?"

ಸಾಮಾನ್ಯಜ್ಞಾನದ ಪ್ರಶ್ನೆ ಎಂದುಕೊಂಡೆ. "ಬರತೈತ್ರಿ ಮಾಸ್ತರ. ಒಮ್ಮೊಮ್ಮೆ ಬಾಗಲತನಕ ಬರತೈತಿ. ಆದ್ರ ಊರು ಬಾಳ ಚೆಂದ ಐತ್ರಿ!"

"ನನಗ ಈಸಾಕ ಬರಾಂಗಿಲ್ರಿ."

"ಅದಕ್ಕೇನ್ರಿ, ಈ ವಯಸ್ಸಿನಾಗೂ ಕಲೀಬಹುದು!"

"ನೀವ ಹಿಂಗ ಅಂದ ಮ್ಯಾಲ ಮುಗೀತ್ರಿ," ಎಂದು ಟೊಪ್ಪಿಗೆ ಹಾಕಿಕೊಂಡು ಎದ್ದು ಹೋದರು. ಪಾಪ, ಭೂಗೋಳದಲ್ಲಿ ಎಷ್ಟು ಆಸಕ್ತಿ ಎಂದು ನಾನು ಮೆಚ್ಚಿಕೊಂಡೆ.

ಶುಕ್ರವಾರ ಬೆಳಿಗ್ಗೆ ಶಿರಗುಪ್ಪಿಯಿಂದ ಒಂದು ಟ್ರ್ಯಾಕ್ಟರ್ ಬಂದು ಕಚೇರಿಯ ಮುಂದೆ ನಿಂತಿತು. ಅದರಿಂದ ಹದಿನೈದು ಮಂದಿ ಹಿರಿಯರು ಇಳಿದು ನೇರವಾಗಿ ನಮ್ಮ ಮೇಲಧಿಕಾರಿ ಸಾಹೇಬರ ಕೋಣೆಗೆ ನುಗ್ಗಿದರು. ಸ್ವಲ್ಪ ಹೊತ್ತಿಗೆ ನನಗೆ ಕರೆ ಬಂತು. ಸಾಹೇಬರ ಮೇಜಿನ ಮೇಲೆ ಎಣ್ಣೆ ಹತ್ತಿದ ಒಂದು ಹಾಳೆ ಇತ್ತು. ಅಕ್ಷರ ಬಹಳ ಪರಿಚಿತವೆನಿಸಿತು. ನನ್ನದೇ!

ಹಿರಿಯರಲ್ಲಿ ಒಬ್ಬರು ಕೈ ಜೋಡಿಸಿ ಕೇಳುತ್ತಿದ್ದರು: "ಸಾಹೇಬ್ರ, ನಮ್ಮ ಸಾಲಿಗೆ ಪಾರೀಸ ಮಾಸ್ತರನ್ನ ಹಾಕೀರಂತ. ಬ್ಯಾಡ ಅನ್ನಾಂಗಿಲ್ರಿ. ಆದ್ರ ಇದರಾಗ, 'ಭಯಂಕರ ವೇಗ, ನೇರ ತಲೆಗೇ ಎಸೆಯುತ್ತಾರೆ' ಅಂತ ಬರದೀರಲ್ರಿ. ಏನು ಎಸೀತಾರ್ರಿ? ಡಸ್ಟರೋ, ಕಲ್ಲೋ? ನಮ್ಮವು ಸಣ್ಣ ಹುಡುಗರು ಅದಾವ್ರಿ!"

ಪಾರೀಸ ಮಾಸ್ತರರೆಂದರೆ ಇರುವೆಯ ಸಾಲು ಕಂಡರೆ ಸೈಕಲ್ ಎತ್ತಿಕೊಂಡು ದಾಟುವ ಮನುಷ್ಯ! ಸಾಹೇಬರು ಹೇಗೋ ಹಿರಿಯರನ್ನು ಸಮಾಧಾನಪಡಿಸಿ ಕಳಿಸಿದರು. ಬಾಗಿಲು ಮುಚ್ಚಿತು.

"ಏನ್ರೀ ಇದು?"

"ಲೀಗ್ ರಿ, ಸರ್."

"ಯಾವ ಲೀಗು?"

ನಾನು ಹೇಳಿದೆ. ಅಮೆರಿಕದಿಂದ ಶುರು ಮಾಡಿ ಸೀರೆ ಡಬ್ಬಿಯವರೆಗೆ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಹುಚ್ಚನ ಮಾತಿನಂತೆ ಕೇಳತೊಡಗಿತು.

"ಅಂದ್ರ, ಶಂಕ್ರಪ್ಪ ಮಾಸ್ತರ ಬೌಲರ್?"

"ಹೌದ್ರಿ ಸರ್. ಎಡಗೈ ಸ್ಪಿನ್ನರ್ರಿ."

"ಅದು ಅವರಿಗೆ ಗೊತ್ತೈತಿ?"

"ಇಲ್ರಿ ಸರ್."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಊರೆಲ್ಲ ವರ್ಗಾವಣೆಯ ಪಟ್ಟಿ ಎಂದೇ ನಂಬಿದ್ದ ನನ್ನ ಪಟ್ಟಿ ಮಾಡಿದ ಕೆಲಸವೆಲ್ಲ ಆಗ ಒಂದೊಂದಾಗಿ ಹೊರಬಂತು. ಅಲಖನೂರಕ್ಕೆ ಹೋಗಲಿದ್ದ ಗುರುಪಾದ ಮಾಸ್ತರರ ಷರಾದಲ್ಲಿ ನಾನು "ಲೈನ್ ಸರಿ ಇಲ್ಲ" ಎಂದು ಬರೆದಿದ್ದೆ. ಅವರ ಹೆಂಡತಿ "ಯಾವ ಲೈನ್ರಿ ಅದು?" ಎಂದು ಕೇಳಿ, ಉತ್ತರ ಸಿಗದೆ, ನಿಪ್ಪಾಣಿಯ ತವರಿಗೆ ಹೋಗಿದ್ದರು. ಇನ್ನೊಬ್ಬರ ಷರಾದಲ್ಲಿ "ಇನ್ನು ಒಂದೇ ಹಂಗಾಮು ಬಾಳಿಕೆ" ಎಂದಿತ್ತು. ಅವರು ಮೂರು ದಿನದಿಂದ ದವಾಖಾನೆಯಲ್ಲಿ ಎದೆ ತೋರಿಸಿಕೊಳ್ಳುತ್ತಿದ್ದರು. ಶಂಕ್ರಪ್ಪ ಮಾಸ್ತರರಂತೂ ಬಾಡಿಗೆ ಮನೆ ಬಿಡುವುದಾಗಿ ಮಾಲಕರಿಗೆ ಹೇಳಿ, ಜುಗೂಳದಲ್ಲಿ ಕಟ್ಟಲು ಜಾಗವಿಲ್ಲವೆಂದು ಎಮ್ಮೆಯನ್ನು ರಾಯಬಾಗದ ತಂಗಿಯ ಮನೆಗೆ ಕಳಿಸಿದ್ದರು.

"ಮೊಹರು ಇರೋ ಹಾಳಿ ಮ್ಯಾಲ ಆಟ ಆಡೀರಿ," ಎಂದರು ಸಾಹೇಬರು. "ನಾ ಮ್ಯಾಲ ಬರೀಬೇಕಾಗತೈತಿ. ಬರದ್ರ ಏನಾಗತೈತಿ ನಿಮಗ ಗೊತ್ತೈತಿ. ಸೋಮವಾರದೊಳಗ ಆ ಎಂಟೂ ಮಂದಿ ತಮ್ಮದೇನೂ ತಕರಾರು ಇಲ್ಲ ಅಂತ ಸಹಿ ಮಾಡಿ ಕೊಟ್ರ, ನೋಡೂನು."

ಸೈಕಲ್ ಹತ್ತಿ ಮನೆಗೆ ಬಂದೆ. ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಈ ನೌಕರಿ ಬಿಟ್ಟರೆ ನನಗೆ ಬರುವ ವಿದ್ಯೆ ದಾಳ ಉರುಳಿಸುವುದೊಂದೇ. ಸುಮಿತ್ರಾ ಎಲ್ಲವನ್ನೂ ಕೇಳಿದಳು. ಬಯ್ಯುತ್ತಾಳೆಂದು ತಲೆ ತಗ್ಗಿಸಿ ಕುಳಿತೆ. ಬಯ್ಯಲಿಲ್ಲ. ದ್ರಾಕ್ಷಿಯ ಬುಟ್ಟಿ ತಂದು ನನ್ನ ಕೈಗೆ ಕೊಟ್ಟಳು.

"ಮೊದಲ ಇದನ್ನ ಕೊಟ್ಟಾರಿಗೆ ವಾಪಸ್ ಕೊಡ್ರಿ. ಆಮ್ಯಾಲ ಶಂಕ್ರಪ್ಪ ಮಾಸ್ತರ ಮನಿಗೆ ಹೋಗ್ರಿ. ಎಮ್ಮಿ ಹೋಗಿದ್ದು ಅವರದ."

ಬುಟ್ಟಿ ಮರಳಿಸಿ ಹೋದರೆ, ಶಂಕ್ರಪ್ಪ ಮಾಸ್ತರರ ಮನೆಯಲ್ಲಿ ಹಾಸಿಗೆ, ಪಾತ್ರೆ, ದೇವರ ಫೋಟೋ ಎಲ್ಲ ಗಂಟು ಕಟ್ಟಿ ಆಗಿತ್ತು. ಅವರು ಟ್ರಂಕಿನ ಮೇಲೆ ಕುಳಿತಿದ್ದರು. ನಾನು ನೆಲದ ಮೇಲೆ ಕುಳಿತು, ತಲೆ ಎತ್ತದೆ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹೊಡೆದರೆ ಹೊಡೆಸಿಕೊಳ್ಳುವುದೇ ಸರಿ ಎಂದುಕೊಂಡೆ.

"ನಾ ಹೆಂಗ ಹಾಕ್ತೀನ್ರಿ?" ಎಂದರು ಮಾಸ್ತರರು.

"ಏನ್ರಿ?"

"ಬೌಲಿಂಗ್. ಹೆಂಗ ಹಾಕ್ತೀನಿ?"

"ಚೆಂದ ಹಾಕ್ತೀರಿ ಮಾಸ್ತರ. ಕಡೇ ಮ್ಯಾಚಿನಾಗ ಏಳು ವಿಕೆಟ್ ತಗೊಂಡೀರಿ."

"ಏಳು!" ಮಾಸ್ತರರು ಟ್ರಂಕಿನಿಂದ ಎದ್ದೇಬಿಟ್ಟರು. ಒಳಗೆ ತಿರುಗಿ, "ಏ, ಕೇಳಿದಿ? ಏಳು ವಿಕೆಟ್ಟಂತ!" ಎಂದು ಕೂಗಿದರು. ಒಳಗಿನಿಂದ ಅವರ ಮನೆಯವರು, "ಮೊದಲ ಎಮ್ಮಿ ತರ್ರಿ," ಎಂದರು.

ಮಾಸ್ತರರು ಮತ್ತೆ ಕುಳಿತು ಹುಬ್ಬು ಗಂಟಿಕ್ಕಿದರು. "ಏಳು ವಿಕೆಟ್ ತಗೊಂಡಾಂವನ್ನ ಬಿಡುಗಡೆ ಮಾಡಿದವರು ಯಾರು?"

"ನಿಪ್ಪಾಣಿ ತಂಡರಿ. ಭೂಪಾಲಣ್ಣಂದು."

"ಬಟ್ಟಿ ಅಂಗಡಿ ಭೂಪಾಲನ? ಇನ್ನ ಮ್ಯಾಲ ಆ ಅಂಗಡಿ ಮೆಟ್ಟಲ ಹತ್ತೂದಿಲ್ಲ ನಾನು!"

ನನ್ನ ಮೇಲೆ ಬರಬೇಕಾದ ಸಿಟ್ಟು ಪೂರ್ತಿಯಾಗಿ ಭೂಪಾಲಣ್ಣನ ಮೇಲೆ ಹೋಯಿತು! ಮಾಸ್ತರರು ಅಲ್ಲೇ ಸಹಿ ಹಾಕಿದರು. ಅಷ್ಟಕ್ಕೇ ಬಿಡಲಿಲ್ಲ. ಅಂಗಿ ತೊಟ್ಟು ತಮ್ಮ ಸೈಕಲ್ ತೆಗೆದರು. ಎರಡು ದಿನ ನನ್ನ ಜೊತೆ ಉಳಿದ ಏಳು ಮನೆಗಳಿಗೂ ಬಂದರು. ಪ್ರತಿ ಮನೆಯಲ್ಲೂ ನಾನು ಬಾಯಿ ತೆರೆಯುವ ಮೊದಲೇ, "ತಪ್ಪು ಮಾಡ್ಯಾರ. ಆದ್ರ ಕೆಟ್ಟ ಮನುಷ್ಯಾ ಅಲ್ಲ. ಸಣ್ಣ ಮಕ್ಕಳು ಅದಾವ," ಎಂದು ತಾವೇ ಹೇಳಿದರು. ಗುರುಪಾದ ಮಾಸ್ತರರೊಡನೆ ನಿಪ್ಪಾಣಿಗೆ ಬಸ್ಸಿನಲ್ಲಿ ಹೋಗಿ, ಲೈನ್ ಎಂದರೆ ಚೆಂಡು ಹೋಗುವ ದಾರಿ ಎಂದು ಅವರ ಹೆಂಡತಿಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆದು ತೋರಿಸಿದವರೂ ಅವರೇ. ಪಾರೀಸ ಮಾಸ್ತರರಂತೂ ಸಹಿ ಹಾಕಿ, "ನಾ ಅಷ್ಟು ಜೋರಾಗಿ ಎಸೀತೀನಾ?" ಎಂದು ಎರಡು ಸಲ ಕೇಳಿ ನಾಚಿಕೊಂಡರು.

ಸೋಮವಾರ ಎಂಟು ಸಹಿಗಳು ಸಾಹೇಬರ ಮೇಜಿನ ಮೇಲಿದ್ದವು. ಅವರು ಎಣಿಸಿ ನೋಡಿದರು. ನನ್ನ ಪಟ್ಟಿಯನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. "ಇನ್ನ ಮ್ಯಾಲ ಗಿಡದ ಹೆಸರು ಇಡ್ರಿ, ಹಣ್ಣಿನ ಹೆಸರು ಇಡ್ರಿ," ಎಂದರು. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಒಂದು ಗಳಿಗೆ ಅತ್ತೆ.

ಇಷ್ಟೆಲ್ಲ ಅನಾಹುತ ಮಾಡಿದ ಪಟ್ಟಿ ಲೀಗಿನಲ್ಲಾದರೂ ನಿಜವಾಯಿತೇ ಎಂದು ನೀವು ಕೇಳಬಹುದು. ಕೇಳದಿದ್ದರೆ ಒಳ್ಳೆಯದಿತ್ತು. ಎಂಟರಲ್ಲಿ ಸರಿಯಾದದ್ದು ಸೊನ್ನೆ. ದಾಳ ಉರುಳಿಸಿ ಹೇಳಿದ್ದರೂ ಒಂದೆರಡು ಸರಿಯಾಗುತ್ತಿದ್ದವು!

ಜೂನ್ ತಿಂಗಳಲ್ಲಿ ನಿಜವಾದ ವರ್ಗಾವಣೆಯ ಆದೇಶಗಳು ಬಂದವು. ನಾನೇ ಲಕೋಟೆ ಒಡೆದೆ. ಎಂಟು ಮಾಸ್ತರರಲ್ಲಿ ಒಬ್ಬರೂ ಅಲುಗಿರಲಿಲ್ಲ. ಗುಮಾಸ್ತರ ಹಾಳೆಯಲ್ಲಿ ಒಂದೇ ಒಂದು ಹೆಸರಿತ್ತು. ನನ್ನದು! ಅಥಣಿಗೆ.

"ಶಿಕ್ಷಾ ಅಲ್ಲರಿ. ನಿಮ್ಮ ಪಾಳಿ ಬಂದಿತ್ತು," ಎಂದರು ಸಾಹೇಬರು. ಸುತ್ತಲಿನ ಎಲ್ಲರೂ ಎಲ್ಲಿಗೆ ಹೋಗುತ್ತಾರೆಂದು ಷರಾ ಸಹಿತ ಬರೆದವನಿಗೆ ತನ್ನ ಪಾಳಿ ಬಂದದ್ದು ಗೊತ್ತಿರಲಿಲ್ಲ.

ಮನೆ ಖಾಲಿ ಮಾಡುವ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊರಗೆ ಎಂಟು ಸೈಕಲ್‌ಗಳು ನಿಂತಿದ್ದವು. ಕರೆಯದೇ ಬಂದಿದ್ದರು. ಗುರುಪಾದ ಮಾಸ್ತರರು ಕಪಾಟು ಹೊತ್ತರು. ಪಾರೀಸ ಮಾಸ್ತರರು ಗಾಜಿನ ಸಾಮಾನನ್ನೆಲ್ಲ ಪತ್ರಿಕೆಯಲ್ಲಿ ಸುತ್ತಿದರು, ಒಂದು ಬಟ್ಟಲೂ ಒಡೆಯಲಿಲ್ಲ. ಶಂಕ್ರಪ್ಪ ಮಾಸ್ತರರು ಮನೆಯಿಂದ ಒಂದು ತಂಬಿಗೆ ತುಂಬ ಎಮ್ಮೆ ಹಾಲು ತಂದಿದ್ದರು. ಸುಮಿತ್ರಾ ಅದರಲ್ಲೇ ಎಲ್ಲರಿಗೂ ಚಹಾ ಮಾಡಿದಳು. ನಾನು ಕೃತಜ್ಞತೆ ಹೇಳಲು ನಾಲ್ಕು ಮಾತು ಸಿದ್ಧಮಾಡಿಕೊಂಡಿದ್ದೆ. ಅದರ ಬದಲು ಎಲ್ಲರ ಕಪ್ಪು ಬಸಿ ಎತ್ತಿ ತೊಳೆಯತೊಡಗಿದೆ. ಮಾಸ್ತರರು ನನ್ನ ಬೆನ್ನು ತಟ್ಟಿ, "ಇರ್ಲಿ ಬಿಡ್ರಿ, ಅಥಣಿಯಾಗ ನಮ್ಮ ಹೆಂಡ್ತಿ ತಂಗಿ ಗಂಡ ಅದಾನ. ನಿಮಗ ಮನಿ ನೋಡಿ ಇಟ್ಟಾನ," ಎಂದರು.

ಟೆಂಪೋ ತುಂಬಿತು. ಡ್ರೈವರ್ ಗಾಡಿ ಚಾಲೂ ಮಾಡಿ ನನ್ನ ಕಡೆಗೆ ತಿರುಗಿದ.

"ಸಾಹೇಬ್ರ, ಅಂಕಲಿ ಮ್ಯಾಲ ಹೋಗೂನೋ, ರಾಯಬಾಗ ಮ್ಯಾಲ ಹೋಗೂನೋ? ಯಾವ ದಾರಿ ಚಲೋ ಅಂತೀರಿ?"

ನಾನು ಗಂಟಲು ಸರಿಪಡಿಸಿಕೊಂಡು ಬಾಯಿ ತೆರೆದೆ.

"ಅವರನ್ನ ಕೇಳಬ್ಯಾಡ್ರಿ!" ಎಂದರು ಒಟ್ಟಿಗೇ ಒಂಬತ್ತು ಮಂದಿ. ಎಂಟು ಮಾಸ್ತರರು, ಮತ್ತು ನನ್ನ ಹೆಂಡತಿ.

ಸುಮಿತ್ರಾ ಮುಂದೆ ಕುಳಿತು ದಾರಿ ಹೇಳಿದಳು. ನಾನು ಹಿಂದೆ ಹಾಸಿಗೆ ಗಂಟಿನ ಮೇಲೆ, ರುಬ್ಬುಗುಂಡು ಉರುಳದಂತೆ ಎರಡೂ ಕೈಯಿಂದ ಹಿಡಿದುಕೊಂಡು, ಅಥಣಿಯವರೆಗೆ ತುಟಿ ಬಿಚ್ಚದೆ ಕುಳಿತೆ.