ಮಾವನ ಇಂಗ್ಲಿಷು, ಅತ್ತೆಯ ಛತ್ರಿ

ನನ್ನ ಸೋದರಮಾವನನ್ನು ‘ನೀವು ತುಂಬಾ ನೈಸ್’ ಎಂದು ಹೊಗಳಿ ನೋಡಿ, ಜಗಳಕ್ಕೇ ಬರುತ್ತಾರೆ!

ತೊಂಬತ್ತರ ದಶಕದ ಕೊನೆಯಲ್ಲಿ ಚೆನ್ನೈನ ಗಿಂಡಿಯಲ್ಲಿದ್ದ ಒಂದು ಕಾರ್ಖಾನೆಯ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಮೈಸೂರಿನಿಂದ ಬಂದು ತ್ರಿಪ್ಲಿಕೇನಿನಲ್ಲಿದ್ದ ಮಾವನ ಮನೆ ಸೇರಿದೆ. ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ಮಾವ ಆಗಷ್ಟೇ ನಿವೃತ್ತರಾಗಿದ್ದರು. ನಿವೃತ್ತರಾದವರು ಏನು ಮಾಡುತ್ತಾರೆ? ಮರೀನಾಕ್ಕೆ ಹೋಗಿ ಗಾಳಿ ಕುಡಿಯುತ್ತಾರೆ, ಸರ್ಕಾರವನ್ನು ಬೈಯುತ್ತಾರೆ. ನಮ್ಮ ಮಾವ ಡಿಕ್ಷನರಿ ಬರೆಯಲು ಕೂತರು! ಚೆನ್ನೈನ ಜನ ಆಡುವ ಇಂಗ್ಲಿಷಿಗೊಂದು ಡಿಕ್ಷನರಿ!

“ಮೊದಮೊದಲ ಇಂಗ್ಲಿಷ್ ಡಿಕ್ಷನರಿಗಳಲ್ಲಿ ಬರೀ ಕಷ್ಟದ ಪದಗಳೇ ಇರ್ತಿದ್ವು ಕಣಮ್ಮ,” ಎಂದರು ಮಾವ. “ನಾಯಿ, ಬೆಕ್ಕು ಎಲ್ಲರಿಗೂ ಗೊತ್ತಲ್ಲ, ಅದ್ಯಾಕೆ ಅಂತ! ಆಮೇಲೆ ಬಂದವರು ಊರೂರಿನ ಜನರ ಕೈಲಿ ಪುಸ್ತಕ ಓದಿಸಿ, ಪದ ಎಲ್ಲಿ ಹೇಗೆ ಬಂದಿದೆ ಅಂತ ಚೀಟಿಗಳಲ್ಲಿ ಬರೆಸಿ ತರಿಸಿಕೊಂಡರು.”

ಇಂಗ್ಲೆಂಡಿನಲ್ಲಿ ಆ ಚೀಟಿ ಜೋಡಿಸಿಡಲು ಗೂಡುಗಳಿದ್ದವಂತೆ. ತ್ರಿಪ್ಲಿಕೇನಿನ ಎರಡು ಕೋಣೆಯ ಮನೆಯಲ್ಲಿ ಗೂಡು ಎಲ್ಲಿಂದ ಬರಬೇಕು? ಮಾವನ ಕಣ್ಣು ಅಡುಗೆಮನೆಯ ಡಬ್ಬಿಗಳ ಮೇಲೆ ಬಿತ್ತು. ಒಂದು ದಿನ ಅತ್ತೆ ಸಾರಿಗೆಂದು ತೊಗರಿಬೇಳೆಯ ಡಬ್ಬಿ ತೆಗೆದರೆ ಒಳಗೆ ಟಿ ಅಕ್ಷರದ ಚೀಟಿಗಳು!

“ಇದನ್ನೇ ಬೇಯಿಸಿಬಿಡಲಾ? ಅಡುಗೆಮನೆಯೆಲ್ಲ ಮೆಸ್ ಮಾಡಿಟ್ಟಿದ್ದೀರಿ!”

“ನೋಡು, ಮೆಸ್ ಅಂದರೆ ಮೂಲದಲ್ಲಿ ಬಡಿಸಿದ ಊಟ! ಬರ್ತಾ ಬರ್ತಾ ಇಂಗ್ಲಿಷರು ಅದನ್ನ ಗಲೀಜು ಮಾಡಿದರು. ನಮ್ಮ ತ್ರಿಪ್ಲಿಕೇನಿನಲ್ಲಿ ಮಾತ್ರ ಮೆಸ್ ಅಂದರೆ ಇವತ್ತಿಗೂ ಊಟವೇ!”

“ಹಾಗಾದ್ರೆ ಇವತ್ತು ಅಲ್ಲೇ ಹೋಗಿ ಊಟ ಮಾಡ್ಕೊಳ್ಳಿ,” ಎಂದರು ಅತ್ತೆ.

ಮಾವ ಹೋದರು. ಎಲೆ ಮುಂದೆ ಕೂತು ಹೊಸ ಪದ ಹಿಡಿದುಕೊಂಡೂ ಬಂದರು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದದ್ದು ಇದೇ ಕಾಲದಲ್ಲಿ. ಹುಡುಗನ ತಾಯಿ, “ನಮ್ಮ ಹುಡುಗ ತುಂಬಾ ನೈಸು,” ಎಂದರು.

ಮಾವನ ಮುಖ ಅರಳಿತು. “ಏಳುನೂರು ವರ್ಷದ ಹಿಂದೆ ನೈಸ್ ಅಂದರೆ ಶುದ್ಧ ದಡ್ಡ ಅಂತ ಅರ್ಥ, ಗೊತ್ತೇ?”

ಕೇಸರಿಬಾತು ಅರ್ಧಕ್ಕೇ ನಿಂತಿತು. ಬಂದವರು ಎದ್ದರು. ನನಗೂ ಆ ಹುಡುಗ ಹಿಡಿಸಿರಲಿಲ್ಲ, ಅದು ಬೇರೆ ಮಾತು! ಆದರೂ ಶಾಸ್ತ್ರಕ್ಕೆ ಸಿಟ್ಟು ಮಾಡಬೇಡವೇ? “ಮಾವ, ಯೂ ಆರ್ ಸಿಲ್ಲಿ!” ಎಂದು ರೇಗಿದೆ. ಮಾವ ಕೈ ಮುಗಿದರು. “ಧನ್ಯನಾದೆ! ಸಿಲ್ಲಿ ಅಂದರೆ ಹಿಂದೆ ಪುಣ್ಯವಂತ ಅಂತ!”

ಇಂಥವರನ್ನು ಬೈಯುವುದಾದರೂ ಯಾವ ಭಾಷೆಯಲ್ಲಿ?

ಪದ ಹುಡುಕುತ್ತ ಅವರು ಎಲ್ಲೆಲ್ಲಿ ನಿಂತರೋ! ಆಟೋದವನೊಬ್ಬ ಗೆಳೆಯನಿಗೆ “ಒರು ಕಟ್ಟಿಂಗ್ ಪೋಡಲಾಮಾ?”, ಒಂದು ಕಟ್ಟಿಂಗ್ ಹಾಕೋಣವಾ, ಎಂದದ್ದು ಕಿವಿಗೆ ಬಿತ್ತು. ಆಟೋದವನು ಕ್ಷೌರಕ್ಕೆ ಹೊರಟಿಲ್ಲ, ಮತ್ತೇನಿರಬಹುದು? ಮಾವ ಹಿಂದೆಯೇ ಹೋದರು. ಪಂಚೆ, ಹಣೆಯ ಮೇಲೆ ನಾಮ, ಕೈಯಲ್ಲಿ ಚೀಟಿ. ನಿಂತದ್ದು ಬ್ರಾಂದಿ ಅಂಗಡಿಯ ಮುಂದೆ! ಕಾಲು ಬಾಟಲಿಯನ್ನು ಇಬ್ಬರು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದೇ ಕಟ್ಟಿಂಗ್ ಎಂದು ಅಲ್ಲಿನ ಗಿರಾಕಿಗಳು ಪ್ರೀತಿಯಿಂದ ವಿವರಿಸಿದರಂತೆ. ಮಾವ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಪಕ್ಕದ ಬೀದಿಯ ಕನ್ನಡದ ಹೆಂಗಸು ಬಂದು ಅತ್ತೆಯ ಕೈ ಹಿಡಿದು, “ಧೈರ್ಯ ತಗೊಳ್ಳಿ, ಈಗ ಬಿಡಿಸೋಕೆ ಔಷಧಿ ಇದೆಯಂತೆ,” ಎಂದರು.

ಅತ್ತೆ ನಿಟ್ಟುಸಿರು ಬಿಟ್ಟರು. “ಕುಡಿತಕ್ಕೆ ಇದೆ ಕಣ್ರೀ. ಡಿಕ್ಷನರಿಗೆ ಇಲ್ಲ.”

ಹೀಗೆ ಮಾತಿಗೆ ಮಾತು ಕೊಡುತ್ತಿದ್ದ ಅತ್ತೆಗೆ ಒಂದು ಬೆಳಿಗ್ಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದರು. ನಿಧಾನಕ್ಕೆ ಬಲಗೈ ಆಡಿತು, ಕಾಲೂ ಆಡಿತು. ಮಾತು ಮಾತ್ರ ಕಲಸಿಹೋಗಿತ್ತು. ಒಂದು ಹೇಳಲು ಹೋದರೆ ಬಾಯಿಗೆ ಇನ್ನೊಂದು ಬರುತ್ತಿತ್ತು.

ಒಂದು ಸಂಜೆ ಅತ್ತೆ ಮಾವನ ಕಡೆ ನೋಡಿ, “ಛತ್ರಿ… ಛತ್ರಿ!” ಎಂದರು. ಕೊನೆಗೂ ಇಷ್ಟು ವರ್ಷದ ಸಿಟ್ಟು ತೀರಿಸಿಕೊಳ್ಳುತ್ತಿದ್ದಾರೆ ಎಂದೇ ನಾನು ತಿಳಿದೆ! ಮಾವ ಎದ್ದು ಹೋಗಿ ಒಂದು ಲೋಟ ನೀರು ತಂದು ಕುಡಿಸಿದರು.

ಸರಿಯಾದ ಪದ ಹೇಳಿಸಿ ಅಭ್ಯಾಸ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದು ನೆನಪಾಗಿ ನಾನು ಬಗ್ಗಿದೆ. “ಅತ್ತೆ, ಛತ್ರಿ ಅಲ್ಲ. ನೀರು. ಎಲ್ಲಿ, ನೀರು ಅನ್ನಿ?”

ಅತ್ತೆ ಬಾಯಿ ತೆರೆದರು. ಪದ ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

“ಬಿಡಮ್ಮ,” ಎಂದರು ಮಾವ. “ಬೆಳಿಗ್ಗೆ ಅಭ್ಯಾಸ ಮಾಡಿಸ್ತಾ ಇದೀನಿ, ಬರುತ್ತೆ. ಬಾಯಾರಿದಾಗ ಪರೀಕ್ಷೆ ಬೇಡ.”

“ಆದರೂ ಮಾವ, ತಪ್ಪು ಪದ ಅಲ್ವಾ?”

“ತಪ್ಪು ಹೇಗಾಗುತ್ತೆ? ಅವಳು ಹೇಳ್ತಾಳೆ, ನನಗೆ ಅರ್ಥ ಆಗುತ್ತೆ. ಒಂದು ಪದಕ್ಕೆ ಇಬ್ಬರು ಸಾಕು.”

ಅತ್ತೆ ಲೋಟವನ್ನು ನನ್ನ ಕಡೆ ಚಾಚಿದರು. ಬೇಕೋ ಸಾಕೋ ತಿಳಿಯಲಿಲ್ಲ. ಅವರ ಪಕ್ಕ ಕೂತು, “ಅತ್ತೆ, ಇನ್ನೊಂಚೂರು ಛತ್ರಿ ತರಲಾ?” ಎಂದು ಕೇಳಿದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ, ನಕ್ಕರು.

ಅವತ್ತಿನಿಂದ ಆ ಮನೆಯಲ್ಲಿ ನೀರಿಗೆ ಯಾರೂ ನೀರು ಅನ್ನಲಿಲ್ಲ.